ದೂರದ ಯುದ್ಧ, ಮನೆಯೊಳಗಿನ ಸನ್ನಾಹ

ಯುದ್ಧದ ಚರಿತ್ರೆಯೆಂದರೆ ಸೇನಾನಿಗಳ ಹೆಸರು, ಕಾಳಗಗಳ ತಾರೀಖು, ಗೆದ್ದ ನೆಲದ ಅಳತೆ ಎಂದು ತಿಳಿಯುವ ರೂಢಿ ಬಹು ಹಳೆಯದು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕ ವಹಿಸಿದ ಪಾತ್ರವನ್ನು ಕುರಿತ ಬರವಣಿಗೆಯೂ ಬಹುಮಟ್ಟಿಗೆ ಈ ಜಾಡಿನಲ್ಲೇ ಸಾಗಿದೆ. ಪರ್ಲ್ ಹಾರ್ಬರ್, ಮಿಡ್‌ವೇ, ಗ್ವಾಡಲ್‌ಕೆನಾಲ್, ನಾರ್ಮಂಡಿ, ಐವೊ ಜಿಮಾ, ಹಿರೋಷಿಮಾ ಎಂಬ ಹೆಸರುಗಳು ಓದುಗನ ಮನಸ್ಸಿನಲ್ಲಿ ಒಂದು ದಂಡಯಾತ್ರೆಯ ನಕ್ಷೆಯಾಗಿ ನಿಲ್ಲುತ್ತವೆ. ಆ ನಕ್ಷೆ ಸುಳ್ಳೇನಲ್ಲ, ಅಪೂರ್ಣ. ಅದರ ಉಳಿದರ್ಧ ಮಿಷಿಗನ್ನಿನ ಕಾರ್ಖಾನೆಗಳಲ್ಲಿ, ಕ್ಯಾಲಿಫೋರ್ನಿಯಾದ ಹಡಗುಕಟ್ಟೆಗಳಲ್ಲಿ, ಅಡುಗೆಮನೆಯ ರೇಷನ್ ಪುಸ್ತಕಗಳಲ್ಲಿ, ಮರುಭೂಮಿಯ ಮುಳ್ಳುತಂತಿಯ ಬೇಲಿಗಳ ಒಳಗೆ ಬರೆಯಲ್ಪಟ್ಟಿತು. ಅಮೆರಿಕನ್ನರು ‘ಹೋಮ್ ಫ್ರಂಟ್’ ಎಂದು ಕರೆದದ್ದು ಇದನ್ನೇ. ಈ ಎರಡು ಅರ್ಧಗಳನ್ನು ಜೊತೆಗಿಟ್ಟು ಓದದ ಹೊರತು ಆ ಯುದ್ಧ ತಿಳಿಯುವುದಿಲ್ಲ. ಹಾಗೆ ಓದುವ ಕೆಲಸಕ್ಕೆ ಇತಿಹಾಸಕಾರನಷ್ಟೇ ಸಾಹಿತ್ಯದ ವಿದ್ಯಾರ್ಥಿಯೂ ಬೇಕು. ಏಕೆಂದರೆ ಆ ಒಳನಾಡಿನ ಯುದ್ಧವು ಉಕ್ಕಿನಿಂದ ಎಷ್ಟು ನಡೆಯಿತೋ ಮಾತಿನಿಂದಲೂ ಅಷ್ಟೇ ನಡೆಯಿತು.

ಕನ್ನಡದಲ್ಲಿ ಯುದ್ಧಸಿದ್ಧತೆಗೆ ‘ಸನ್ನಾಹ’ ಎಂಬ ಮಾತುಂಟು. ಅದರ ಮೂಲಾರ್ಥ ಕವಚ ತೊಡುವುದು. 1940ರಿಂದ 1945ರವರೆಗೆ ಅಮೆರಿಕದಲ್ಲಿ ನಡೆದದ್ದನ್ನು ಹೆಸರಿಸಲು ಇದಕ್ಕಿಂತ ಒಪ್ಪುವ ಪದ ಸಿಕ್ಕುವುದು ಕಷ್ಟ. 1939ರಲ್ಲಿ ಎರಡು ಲಕ್ಷಕ್ಕೂ ಕಡಿಮೆ ಇದ್ದ ಆ ದೇಶದ ಭೂಸೇನೆ 1945ರ ವೇಳೆಗೆ 80 ಲಕ್ಷವನ್ನು ದಾಟಿತು. 1940ರ ಸೆಪ್ಟೆಂಬರಿನಲ್ಲಿ ಕಡ್ಡಾಯ ಸೇನಾಸೇವೆಯ ಕಾಯ್ದೆ ಬಂದಿತು. ಅದೇ ಡಿಸೆಂಬರ್ 29ರ ರೇಡಿಯೊ ಭಾಷಣದಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ತನ್ನ ದೇಶವು ಪ್ರಜಾಪ್ರಭುತ್ವದ ಶಸ್ತ್ರಾಗಾರವಾಗಬೇಕೆಂದು ಸಾರಿದನು. 1941ರ ಮಾರ್ಚ್ ತಿಂಗಳ ಲೆಂಡ್-ಲೀಸ್ ಕಾಯ್ದೆಯು ಬ್ರಿಟನ್ನಿಗೂ, ಬಳಿಕ ಸೋವಿಯತ್ ಒಕ್ಕೂಟ ಮತ್ತು ಚೀನಕ್ಕೂ ಆ ಆಗಾರದ ಬಾಗಿಲು ತೆರೆಯಿತು. ಡಿಸೆಂಬರ್ 7ರಂದು ಪರ್ಲ್ ಹಾರ್ಬರಿನ ಮೇಲೆ ಜಪಾನಿ ವಿಮಾನಗಳು ಎರಗಿ 2,400ಕ್ಕೂ ಹೆಚ್ಚು ಅಮೆರಿಕನ್ನರು ಸತ್ತಾಗ, ದೇಶ ಕವಚವನ್ನು ಅರೆಬರೆ ತೊಟ್ಟಿತ್ತು. ಮರುದಿನ ಯುದ್ಧಘೋಷಣೆಗೆ ವಿರುದ್ಧವಾಗಿ ಕಾಂಗ್ರೆಸ್ಸಿನಲ್ಲಿ ಬಿದ್ದ ಮತ ಒಂದೇ ಒಂದು. ಅದು ಮೊಂಟಾನಾದ ಜೀನೆಟ್ ರ‍್ಯಾಂಕಿನಳದು.

ಆ ನಂತರದ ಉತ್ಪಾದನೆಯ ಕಥೆ ಬೆರಗು ಹುಟ್ಟಿಸುವಂಥದು. 1942ರ ಫೆಬ್ರವರಿಯಲ್ಲಿ ನಾಗರಿಕರಿಗಾಗಿ ಕಾರು ತಯಾರಿಸುವುದನ್ನೇ ನಿಲ್ಲಿಸಲಾಯಿತು. ಡೆಟ್ರಾಯಿಟಿನ ಸಮೀಪದ ವಿಲೋ ರನ್ನಿನಲ್ಲಿ ಫೋರ್ಡ್ ಕಂಪನಿ ಕಟ್ಟಿದ ಕಾರ್ಖಾನೆಯಿಂದ, ಅದರ ಉಚ್ಛ್ರಾಯದ ದಿನಗಳಲ್ಲಿ, ಗಂಟೆಗೊಂದರಂತೆ ಬಿ-24 ಬಾಂಬರ್ ವಿಮಾನ ಹೊರಬರುತ್ತಿತ್ತು. ಕ್ಯಾಲಿಫೋರ್ನಿಯಾದ ರಿಚ್ಮಂಡಿನಲ್ಲಿ 1942ರ ನವೆಂಬರಿನಲ್ಲಿ ‘ರಾಬರ್ಟ್ ಇ. ಪಿಯರಿ’ ಎಂಬ ಸರಕು ಹಡಗನ್ನು ಐದು ದಿನಗಳಿಗೂ ಕಡಿಮೆ ಅವಧಿಯಲ್ಲಿ ನೀರಿಗಿಳಿಸಲಾಯಿತು. ಇಂಥ ‘ಲಿಬರ್ಟಿ’ ಹಡಗುಗಳು ಒಟ್ಟು 2,700ಕ್ಕೂ ಹೆಚ್ಚು ತಯಾರಾದವು. 1942ರ ನವೆಂಬರಿನಲ್ಲಿ ಉತ್ತರ ಆಫ್ರಿಕದ ದಡ ಮುಟ್ಟಿದ ಸೇನೆಯಾಗಲಿ, 1943ರಲ್ಲಿ ಸಿಸಿಲಿಯನ್ನು ಹೊಕ್ಕ ಸೇನೆಯಾಗಲಿ, 1944ರ ಜೂನ್ 6ರಂದು ನಾರ್ಮಂಡಿಯ ಮರಳಿನ ಮೇಲೆ ಕಾಲಿಟ್ಟ ಸೇನೆಯಾಗಲಿ ಈ ಹಡಗುಗಳಿಲ್ಲದೆ ಒಂದು ವಾರವೂ ನಿಲ್ಲಲಾರದಿತ್ತು. ಪೆಸಿಫಿಕ್ಕಿನಲ್ಲಿ ದ್ವೀಪದಿಂದ ದ್ವೀಪಕ್ಕೆ ಜಿಗಿಯುತ್ತ ಜಪಾನಿನತ್ತ ಸಾಗಿದ ದಂಡಯಾತ್ರೆಗೂ ಇದೇ ಮಾತು ಸಲ್ಲುತ್ತದೆ. ಸೇನಾನಿಯ ತಂತ್ರವೆಂದು ಪುಸ್ತಕಗಳು ಹೊಗಳುವುದರಲ್ಲಿ ದೊಡ್ಡ ಪಾಲು ಬೆಸುಗೆಗಾರರ ಹಗಲಿರುಳಿನ ದುಡಿಮೆಗೆ ಸೇರಬೇಕಾದದ್ದು.

ಆದರೆ ಈ ಸನ್ನಾಹಕ್ಕೆ ಒಂದು ವಿಚಿತ್ರ ತೊಡಕಿತ್ತು. ಲಂಡನ್ನಿನ ಗೃಹಿಣಿಗೆ ಯುದ್ಧವೆಂದರೆ ತಲೆಯ ಮೇಲೆ ಬೀಳುವ ಬಾಂಬು. ಲೆನಿನ್‌ಗ್ರಾಡಿನ ಮುದುಕನಿಗೆ ಅದು ಬಾರದೆ ಹೋದ ರೊಟ್ಟಿ. ಅಮೆರಿಕದ ಮುಖ್ಯಭೂಮಿಯಲ್ಲಾದರೋ ಶತ್ರುವಿನ ಕೃತ್ಯದಿಂದ ಸತ್ತ ನಾಗರಿಕರು ಆರೇ ಮಂದಿ. 1945ರ ಮೇ 5ರಂದು ಆರೆಗಾನಿನ ಕಾಡಿನಲ್ಲಿ, ಜಪಾನಿನಿಂದ ಗಾಳಿಯಲ್ಲಿ ತೇಲಿಬಂದ ಬಲೂನು ಬಾಂಬು ಸಿಡಿದು ಒಬ್ಬ ಮಹಿಳೆ ಮತ್ತು ಐವರು ಮಕ್ಕಳು ತೀರಿಕೊಂಡರು. ಎಂದರೆ, ಬೇರೆಡೆಗಳಲ್ಲಿ ವಾಚ್ಯಾರ್ಥದಲ್ಲೇ ನಿಜವಾಗಿದ್ದ ‘ಹೋಮ್ ಫ್ರಂಟ್’ ಎಂಬ ಮಾತು ಅಮೆರಿಕದಲ್ಲಿ ಒಂದು ರೂಪಕವಾಗಿತ್ತು. ಯುದ್ಧ ಸಾವಿರಾರು ಮೈಲಿ ದೂರದಲ್ಲಿತ್ತು. ಆ ದೂರವನ್ನು ತುಂಬಿ, ಕಾಣದ ರಣರಂಗವನ್ನು ಮನೆಯ ಬಾಗಿಲಿಗೆ ತಂದು ನಿಲ್ಲಿಸುವ ಹೊಣೆ ಭಾಷೆಯ ಮೇಲೆ ಬಿದ್ದಿತು.

ಸರ್ಕಾರಕ್ಕೆ ಇದು ಚೆನ್ನಾಗಿ ತಿಳಿದಿತ್ತು. ಕವಿಯೂ ಲೈಬ್ರರಿ ಆಫ್ ಕಾಂಗ್ರೆಸ್ಸಿನ ಮುಖ್ಯಸ್ಥನೂ ಆಗಿದ್ದ ಆರ್ಚಿಬಾಲ್ಡ್ ಮೆಕ್ಲೀಷನಿಗೆ 1941ರಲ್ಲಿ ಯುದ್ಧಸಂಬಂಧಿ ಮಾಹಿತಿಯ ಕಚೇರಿಯೊಂದನ್ನು ವಹಿಸಿದ್ದು ಕಾಕತಾಳೀಯವಲ್ಲ. 1942ರ ಜೂನ್ ತಿಂಗಳಲ್ಲಿ ಪತ್ರಕರ್ತ ಎಲ್ಮರ್ ಡೇವಿಸನ ನೇತೃತ್ವದಲ್ಲಿ ‘ಆಫೀಸ್ ಆಫ್ ವಾರ್ ಇನ್ಫರ್ಮೇಶನ್’ ರೂಪುಗೊಂಡಿತು. ಭಿತ್ತಿಪತ್ರ, ರೇಡಿಯೊ, ಸಿನಿಮಾ ಎಲ್ಲವೂ ಒಂದೇ ಪಾಠ ಹೇಳತೊಡಗಿದವು: ಪ್ರತಿ ದಿನಚರಿಯೂ ಒಂದು ಯುದ್ಧಕಾರ್ಯ. ಹಿತ್ತಲಿನ ತರಕಾರಿ ಮಡಿ ‘ವಿಜಯದ ತೋಟ’ವಾಯಿತು, 1943ರಲ್ಲಿ ಅಂಥ ಸುಮಾರು ಎರಡು ಕೋಟಿ ತೋಟಗಳಿದ್ದವೆಂದು ಅಂದಾಜು. ಸಕ್ಕರೆ, ಕಾಫಿ, ಮಾಂಸ, ಬೆಣ್ಣೆ ರೇಷನ್ನಿಗೆ ಒಳಪಟ್ಟವು. ಪೆಟ್ರೋಲಿನ ಪಡಿತರದ ಹಿಂದಿದ್ದ ಮುಖ್ಯ ಕಾರಣ ಪೆಟ್ರೋಲಿನ ಅಭಾವವಾಗಿರದೆ ರಬ್ಬರಿನ ಅಭಾವವಾಗಿತ್ತು. ಮಲಯ ಮತ್ತು ಡಚ್ ಈಸ್ಟ್ ಇಂಡೀಸ್ ಜಪಾನಿನ ಕೈಸೇರಿದ್ದರಿಂದ ರಬ್ಬರಿನ ಪೂರೈಕೆ ಬಹುತೇಕ ನಿಂತುಹೋಗಿ, ಟೈರು ಸವೆಯದಂತೆ ಕಾರುಗಳನ್ನು ಮನೆಯಲ್ಲೇ ನಿಲ್ಲಿಸಬೇಕಾಗಿತ್ತು. ಹೀಗೆ ಆಗ್ನೇಯ ಏಷ್ಯದ ಒಂದು ಸೋಲು ಕನ್ಸಾಸಿನ ರೈತನ ವಾಹನದ ವೇಗವನ್ನು ಗಂಟೆಗೆ 35 ಮೈಲಿಗೆ ಇಳಿಸಿತು. ದಂಡಯಾತ್ರೆಗೂ ಒಳನಾಡಿಗೂ ಇದ್ದ ನಂಟನ್ನು ತೋರಿಸಲು ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ.

ಚಿತ್ರಗಳ ಕಥೆಯೂ ಇಂಥದೇ. ಯುದ್ಧದ ಮೊದಲ ವರ್ಷಗಳಲ್ಲಿ ಸತ್ತ ಅಮೆರಿಕನ್ ಸೈನಿಕರ ಛಾಯಾಚಿತ್ರಗಳನ್ನು ಪ್ರಕಟಿಸಲು ಅನುಮತಿಯಿರಲಿಲ್ಲ. 1943ರ ಹೊತ್ತಿಗೆ ಜನರಲ್ಲಿ ಆಲಸ್ಯ ಹಬ್ಬುತ್ತಿದೆಯೆಂದು ಅಧಿಕಾರಿಗಳಿಗೆ ಅನ್ನಿಸಿದಾಗ ಆ ನಿಷೇಧ ಸಡಿಲವಾಯಿತು. ಆ ವರ್ಷದ ಸೆಪ್ಟೆಂಬರಿನಲ್ಲಿ ‘ಲೈಫ್’ ಪತ್ರಿಕೆಯು, ನ್ಯೂಗಿನಿಯ ಬುನಾ ಕಡಲತೀರದಲ್ಲಿ ಸತ್ತುಬಿದ್ದಿದ್ದ ಮೂವರು ಸೈನಿಕರನ್ನು ಜಾರ್ಜ್ ಸ್ಟ್ರಾಕ್ ಸೆರೆಹಿಡಿದಿದ್ದ ಚಿತ್ರವನ್ನು ಅಚ್ಚುಮಾಡಿತು. ಸಾವನ್ನು ಮುಚ್ಚಿಡುವುದೂ ತೋರಿಸುವುದೂ ಒಂದೇ ನೀತಿಯ ಎರಡು ಹೆಜ್ಜೆಗಳಾಗಿದ್ದವು. ಇಂದು ಎಲ್ಲರಿಗೂ ಪರಿಚಿತವಾದ, ತೋಳು ಮಡಿಸಿ ನಿಂತ ಕೆಂಪು ತಲೆವಸ್ತ್ರದ ಮಹಿಳೆಯ ಭಿತ್ತಿಪತ್ರವಾದರೋ ಯುದ್ಧಕಾಲದಲ್ಲಿ ಪ್ರಸಿದ್ಧವೇ ಆಗಿರಲಿಲ್ಲ. ಜೆ. ಹೋವರ್ಡ್ ಮಿಲ್ಲರ್ ಅದನ್ನು ವೆಸ್ಟಿಂಗ್‌ಹೌಸ್ ಕಂಪನಿಯ ಕಾರ್ಖಾನೆಗಳ ಒಳಗಿನ ಪ್ರದರ್ಶನಕ್ಕಾಗಿ ರಚಿಸಿದ್ದನು. 1943ರ ಫೆಬ್ರವರಿಯಲ್ಲಿ ಎರಡು ವಾರ ಗೋಡೆಯ ಮೇಲಿದ್ದು ಮರೆಯಾದ ಅದು 1980ರ ದಶಕದಲ್ಲಿ ಮರುಹುಟ್ಟು ಪಡೆಯಿತು. ಜನಮನದ ನೆನಪು ಎಷ್ಟರಮಟ್ಟಿಗೆ ನಂತರದ ಕಾಲದ ರಚನೆ ಎಂಬುದನ್ನು ಸಂಶೋಧಕರು ಇಲ್ಲಿ ಗಮನಿಸಬೇಕು.

ಮಾತಿನ ಈ ಶಕ್ತಿ ಒಳಿತನ್ನು ಮಾಡಲಿಲ್ಲವೆಂದು ಹೇಳುವುದು ಅನ್ಯಾಯ. 1940ರಲ್ಲಿ ನೂರಕ್ಕೆ ಹದಿನಾಲ್ಕರಷ್ಟು ಇದ್ದ ನಿರುದ್ಯೋಗ 1944ರಲ್ಲಿ ಒಂದರ ಆಸುಪಾಸಿಗೆ ಇಳಿಯಿತು. ಲಕ್ಷಾಂತರ ಮಹಿಳೆಯರು ಮೊದಲ ಬಾರಿಗೆ ಸ್ವಂತ ಸಂಬಳ ಕಂಡರು. ಪ್ರಕಾಶಕರೂ ಸೇನೆಯೂ ಕೂಡಿ ‘ಆರ್ಮ್ಡ್ ಸರ್ವಿಸಸ್ ಎಡಿಷನ್ಸ್’ ಎಂಬ ಹೆಸರಿನಲ್ಲಿ 1,300ಕ್ಕೂ ಹೆಚ್ಚು ಶೀರ್ಷಿಕೆಗಳ 12 ಕೋಟಿಗೂ ಮಿಕ್ಕಿದ ಪ್ರತಿಗಳನ್ನು ಸೈನಿಕರಿಗೆ ಹಂಚಿದರು. ಕಿಸೆಯಲ್ಲಿ ಹಿಡಿಯುವ ಅಳತೆಯ ಈ ಪುಸ್ತಕಗಳು ಕಂದಕಗಳಲ್ಲೂ ಆಸ್ಪತ್ರೆಗಳಲ್ಲೂ ಓದುಗರನ್ನು ಸೃಷ್ಟಿಸಿದವು. ಲೇಖಕ ಬದುಕಿದ್ದಾಗಲೇ ಮಸುಕಾಗಿದ್ದ ಫಿಟ್ಸ್‌ಜೆರಾಲ್ಡನ ‘ದ ಗ್ರೇಟ್ ಗ್ಯಾಟ್ಸ್‌ಬಿ’ ಕಾದಂಬರಿ ಒಂದು ಲಕ್ಷಕ್ಕೂ ಹೆಚ್ಚು ಪ್ರತಿಗಳಲ್ಲಿ ಸೈನಿಕರ ಕೈಸೇರಿದ್ದು ಈ ಯೋಜನೆಯಿಂದಲೇ. ಸಾಹಿತ್ಯದ ಓದುಗವಲಯವನ್ನು ಯುದ್ಧವೊಂದು ಹೀಗೆ ಹಿಗ್ಗಿಸಿದ ನಿದರ್ಶನಗಳು ವಿರಳ.

ಆದರೆ ‘ನಾವೆಲ್ಲರೂ’ ಎಂಬ ಮಾತಿನೊಳಗೆ ಯಾರು ಸೇರಿದ್ದರು ಎಂಬ ಪ್ರಶ್ನೆ ಉಳಿಯುತ್ತದೆ. ಹತ್ತು ಲಕ್ಷಕ್ಕೂ ಹೆಚ್ಚು ಕಪ್ಪು ಅಮೆರಿಕನ್ನರು ಸೇನೆಯಲ್ಲಿ ದುಡಿದರು, ಬಹುಮಟ್ಟಿಗೆ ಪ್ರತ್ಯೇಕಿಸಲ್ಪಟ್ಟ ತುಕಡಿಗಳಲ್ಲಿ. ರಕ್ತದ ಪ್ಲಾಸ್ಮಾವನ್ನು ಕಾದಿಡುವ ವಿಧಾನಕ್ಕೆ ಮಹತ್ವದ ಕೊಡುಗೆಯಿತ್ತ ಚಾರ್ಲ್ಸ್ ಡ್ರೂ ಸ್ವತಃ ಕಪ್ಪು ವೈದ್ಯ. ಆದರೂ ದಾನಿಗಳ ರಕ್ತವನ್ನು ಬಣ್ಣದ ಆಧಾರದ ಮೇಲೆ ಬೇರೆಬೇರೆ ಇಡಲಾಗುತ್ತಿತ್ತು. 1941ರಲ್ಲಿ ಎ. ಫಿಲಿಪ್ ರ‍್ಯಾಂಡಾಲ್ಫ್ ವಾಷಿಂಗ್ಟನ್ನಿಗೆ ಜಾಥಾ ನಡೆಸುವುದಾಗಿ ಎಚ್ಚರಿಸಿದ ಮೇಲಷ್ಟೇ ರಕ್ಷಣಾ ಕಾರ್ಖಾನೆಗಳಲ್ಲಿನ ತಾರತಮ್ಯವನ್ನು ನಿಷೇಧಿಸುವ 8802ನೆಯ ಅಧ್ಯಕ್ಷೀಯ ಆದೇಶ ಹೊರಟಿತು. ನಾರ್ಮಂಡಿಯ ನಂತರ ಮುನ್ನುಗ್ಗುತ್ತಿದ್ದ ಸೇನೆಗೆ ಸರಕು ಹೊತ್ತ ‘ರೆಡ್ ಬಾಲ್ ಎಕ್ಸ್‌ಪ್ರೆಸ್’ ಲಾರಿಗಳ ಚಾಲಕರಲ್ಲಿ ಮುಕ್ಕಾಲು ಪಾಲು ಕಪ್ಪು ಸೈನಿಕರು. ಕ್ಯಾಲಿಫೋರ್ನಿಯಾದ ಪೋರ್ಟ್ ಶಿಕಾಗೊದಲ್ಲಿ 1944ರ ಜುಲೈ 17ರಂದು ಮದ್ದುಗುಂಡು ತುಂಬುವಾಗ ಸಂಭವಿಸಿದ ಸ್ಫೋಟದಲ್ಲಿ 320 ಮಂದಿ ಸತ್ತರು. ಅವರಲ್ಲಿ 202 ಮಂದಿ ಕಪ್ಪು ನಾವಿಕರು. ಅದೇ ಅಪಾಯದ ಕೆಲಸಕ್ಕೆ ಮರಳಲು ಒಪ್ಪದ 50 ಮಂದಿಗೆ ದಂಗೆಯ ಅಪರಾಧದ ಮೇಲೆ ಶಿಕ್ಷೆಯಾಯಿತು. ಅವರು ನಿರ್ದೋಷಿಗಳೆಂದು ನೌಕಾಪಡೆ ಸಾರಿದ್ದು 2024ರ ಜುಲೈ ತಿಂಗಳಲ್ಲಿ, ಭರ್ತಿ ಎಂಬತ್ತು ವರ್ಷಗಳ ಬಳಿಕ.

ಭಾಷೆಯ ವಿದ್ಯಾರ್ಥಿ ಇನ್ನೂ ಸೂಕ್ಷ್ಮವಾಗಿ ಓದಬೇಕಾದ ಪಠ್ಯಗಳು 1942ರ ವಸಂತದಲ್ಲಿ ಪಶ್ಚಿಮ ಕರಾವಳಿಯ ವಿದ್ಯುತ್ ಕಂಬಗಳ ಮೇಲೆ ಕಾಣಿಸಿಕೊಂಡವು. ಫೆಬ್ರವರಿ 19ರ 9066ನೆಯ ಅಧ್ಯಕ್ಷೀಯ ಆದೇಶದಲ್ಲಿ ಜಪಾನಿಯರ ಹೆಸರೇ ಇಲ್ಲ. ಸೇನಾಧಿಕಾರಿಗಳು ಗುರುತಿಸುವ ಪ್ರದೇಶಗಳಿಂದ ಯಾರನ್ನು ಬೇಕಾದರೂ ಹೊರಗಿಡಬಹುದೆಂದಷ್ಟೇ ಅದು ಹೇಳುತ್ತದೆ. ಆ ಅಧಿಕಾರದ ಬಲದಿಂದ ಜನರಲ್ ಡಿವಿಟ್ ಹೊರಡಿಸಿದ ನೋಟೀಸುಗಳು ಜಪಾನಿ ಮೂಲದ ಎಲ್ಲರನ್ನೂ, ‘ವಿದೇಶೀಯರನ್ನೂ ವಿದೇಶೀಯರಲ್ಲದವರನ್ನೂ’, ತೆರವುಗೊಳಿಸುವುದಾಗಿ ಸಾರಿದವು. ವಿದೇಶೀಯರಲ್ಲದವರು ಎಂದರೆ ಯಾರು? ನಾಗರಿಕರು. ಆ ಪದವನ್ನು ಬಳಸಿದ್ದರೆ, ತನ್ನ ನಾಗರಿಕರನ್ನು ವಿಚಾರಣೆಯಿಲ್ಲದೆ ಬಂಧಿಸುತ್ತಿದ್ದೇನೆಂದು ಸರ್ಕಾರ ತನ್ನ ಬಾಯಿಂದಲೇ ಒಪ್ಪಿಕೊಂಡಂತಾಗುತ್ತಿತ್ತು. ಒಂದು ನಿಷೇಧಾರ್ಥಕ ಪ್ರತ್ಯಯ ಆ ಮುಜುಗರವನ್ನು ತಪ್ಪಿಸಿತು. ಸೆರೆಗೆ ‘ತೆರವು’ ಎಂದೂ, ಸೆರೆಮನೆಗೆ ‘ಮರುನೆಲೆ ಕೇಂದ್ರ’ವೆಂದೂ, ಕುದುರೆ ಲಾಯಗಳಲ್ಲಿ ಕುಟುಂಬಗಳನ್ನು ತುಂಬಿದ ಪಂದ್ಯದ ಮೈದಾನಗಳಿಗೆ ‘ಸಮಾವೇಶ ಕೇಂದ್ರ’ವೆಂದೂ ಹೆಸರಾಯಿತು. ಸುಮಾರು 1,20,000 ಮಂದಿ ಹೀಗೆ ಬೇಲಿಯೊಳಗೆ ಹೋದರು. ಅವರಲ್ಲಿ ಮೂರರಲ್ಲಿ ಎರಡು ಪಾಲು ಅಮೆರಿಕದಲ್ಲೇ ಹುಟ್ಟಿದ ನಾಗರಿಕರು.

ಇದು ಸೈನಿಕ ಅನಿವಾರ್ಯವಾಗಿತ್ತೆಂಬ ವಾದವನ್ನು ಹವಾಯಿ ದ್ವೀಪಗಳೇ ಅಲ್ಲಗಳೆಯುತ್ತವೆ. ದಾಳಿ ನಡೆದದ್ದು ಅಲ್ಲಿ. ಜನಸಂಖ್ಯೆಯ ಮೂರನೆಯ ಒಂದು ಪಾಲಿಗೂ ಹೆಚ್ಚು ಮಂದಿ ಜಪಾನಿ ಮೂಲದವರಾಗಿದ್ದದ್ದೂ ಅಲ್ಲಿ. ಆದರೆ ಅವರ ದುಡಿಮೆಯಿಲ್ಲದೆ ದ್ವೀಪದ ಬದುಕು ನಿಲ್ಲುತ್ತಿತ್ತಾದ್ದರಿಂದ ಅಲ್ಲಿ ಸಾಮೂಹಿಕ ಬಂಧನ ನಡೆಯಲಿಲ್ಲ. ಬೇಲಿಯೊಳಗಿನ ಕುಟುಂಬಗಳ ಮಕ್ಕಳೂ ಹವಾಯಿಯ ತರುಣರೂ ಸೇರಿದ 442ನೆಯ ರೆಜಿಮೆಂಟು ಇಟಲಿ ಮತ್ತು ಫ್ರಾನ್ಸಿನಲ್ಲಿ ಹೋರಾಡಿ, ಅದರ ಗಾತ್ರಕ್ಕೆ ಹೋಲಿಸಿದರೆ ಅತಿ ಹೆಚ್ಚು ಪದಕ ಗಳಿಸಿದ ಪಡೆಯೆನಿಸಿತು. ಹಡಗುಕಟ್ಟೆಯಲ್ಲಿ ಬೆಸುಗೆ ಕೆಲಸ ಮಾಡುತ್ತಿದ್ದ ಫ್ರೆಡ್ ಕೊರೆಮಾಟ್ಸು ಆದೇಶವನ್ನು ಧಿಕ್ಕರಿಸಿ ನ್ಯಾಯಾಲಯಕ್ಕೆ ಹೋದನು. 1944ರ ಡಿಸೆಂಬರ್ 18ರಂದು ಸುಪ್ರೀಂ ಕೋರ್ಟು ಆರು-ಮೂರರ ಬಹುಮತದಿಂದ ಅವನ ವಿರುದ್ಧ ತೀರ್ಪಿತ್ತಿತು. ಭಿನ್ನಮತ ಬರೆದ ನ್ಯಾಯಮೂರ್ತಿ ರಾಬರ್ಟ್ ಜಾಕ್ಸನ್, ಇಂಥ ತತ್ತ್ವವೊಂದು ತೀರ್ಪಿನಲ್ಲಿ ಸೇರಿಹೋದರೆ ಅದು ಮುಂದೆ ಯಾರ ಕೈಗೆ ಬೇಕಾದರೂ ಸಿಗಬಹುದಾದ, ಗುಂಡು ತುಂಬಿಟ್ಟ ಆಯುಧವಾಗುತ್ತದೆಂದು ಎಚ್ಚರಿಸಿದನು.

ಮಾತು ಮರೆಮಾಚಿದ್ದಕ್ಕಿಂತ ಮೌನ ಮರೆಮಾಚಿದ್ದೂ ಕಡಿಮೆಯದಲ್ಲ. ಟೆನೆಸಿಯ ಓಕ್ ರಿಜ್ ಎಂಬ ಊರು ಯುದ್ಧಕಾಲದ ನಕ್ಷೆಯಲ್ಲಿರಲಿಲ್ಲ. ಆದರೆ 1945ರ ವೇಳೆಗೆ ಅಲ್ಲಿ ಸುಮಾರು 75,000 ಜನರಿದ್ದರು. ಶಾಲೆ ಮುಗಿಸಿ ಬಂದ ಹಳ್ಳಿಯ ತರುಣಿಯರು ಅಲ್ಲಿನ ಯಂತ್ರಗಳ ಮುಂದೆ ಕುಳಿತು, ಮುಳ್ಳು ಗೆರೆ ದಾಟದಂತೆ ಗುಬುಟು ತಿರುಗಿಸುತ್ತಿದ್ದರು. ತಾವು ಯುರೇನಿಯಂ ಬೇರ್ಪಡಿಸುತ್ತಿದ್ದೇವೆಂಬುದು ಅವರಲ್ಲಿ ಹೆಚ್ಚಿನವರಿಗೆ ತಿಳಿದದ್ದು ಆಗಸ್ಟ್ 6ರಂದು, ಹಿರೋಷಿಮಾ ಸುಟ್ಟ ಸುದ್ದಿ ಬಂದ ಮೇಲೆ. ಆ ಬಾಂಬನ್ನು ಹೊತ್ತ ವಿಮಾನ ತಯಾರಾದದ್ದು ನೆಬ್ರಾಸ್ಕಾದ ಒಮಾಹಾದ ಕಾರ್ಖಾನೆಯಲ್ಲಿ. ಅದಕ್ಕೂ ಮುನ್ನ, ಮಾರ್ಚ್ 9-10ರ ರಾತ್ರಿ ಟೋಕಿಯೊದ ಮೇಲೆ ಬೆಂಕಿಬಾಂಬುಗಳ ಮಳೆ ಸುರಿದು ಸುಮಾರು ಒಂದು ಲಕ್ಷ ಜನ ಸತ್ತಿದ್ದರು. ಒಂದು ದೇಶದ ಹೋಮ್ ಫ್ರಂಟ್ ಇನ್ನೊಂದು ದೇಶದ ಹೋಮ್ ಫ್ರಂಟನ್ನು ಸುಟ್ಟಿತು. ಮೊದಲನೆಯದರಲ್ಲಿ ಆ ಮಾತು ರೂಪಕ, ಎರಡನೆಯದರಲ್ಲಿ ಬೂದಿ. ದುಡಿದ ತರುಣಿಯರನ್ನು ದೂಷಿಸುವುದು ಸಲ್ಲದು. ತಿಳಿಯದೆ ಮಾಡುವ ಕೆಲಸವನ್ನೇ ದೇಶಸೇವೆಯ ಮಾದರಿಯಾಗಿಸಿದ ವ್ಯವಸ್ಥೆಯನ್ನು ಪ್ರಶ್ನಿಸದಿರುವುದೂ ಸಲ್ಲದು.

ಈ ಸನ್ನಾಹದ ಒಂದು ಎಳೆ ಕನ್ನಡ ನಾಡನ್ನೂ ಮುಟ್ಟಿತ್ತು. ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಸಹಯೋಗದಲ್ಲಿ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಗೆ ಅಮೆರಿಕದ ಉದ್ಯಮಿ ವಿಲಿಯಂ ಪಾಲಿಯ ನೆರವಿತ್ತು. 1943ರಲ್ಲಿ ಅದು ಅಮೆರಿಕದ ಸೇನಾ ವಾಯುಪಡೆಯ ಕೈಗೆ ಬಂದು, ಚೀನ-ಬರ್ಮಾ-ಭಾರತ ರಂಗದ ವಿಮಾನಗಳ ದುರಸ್ತಿಯ ದೊಡ್ಡ ಕೇಂದ್ರವಾಯಿತು. ಬೆಂಗಳೂರಿನ ಕುಶಲಕರ್ಮಿಗಳೂ ಆ ಬೃಹತ್ ಯಂತ್ರದ ಒಂದು ಹಲ್ಲಾಗಿ ದುಡಿದರು. ಅಮೆರಿಕದ ಒಳನಾಡಿನ ಚರಿತ್ರೆಯಲ್ಲಿ ಅವರ ಹೆಸರಿಲ್ಲ, ದಂಡಯಾತ್ರೆಯ ಚರಿತ್ರೆಯಲ್ಲೂ ಇಲ್ಲ. ಈ ಎರಡು ಚರಿತ್ರೆಗಳನ್ನು ಬೇರೆಬೇರೆ ಬರೆಯುವುದರಿಂದ ಕಳೆದುಹೋಗುವುದು ಇಂಥವರೇ.

ಇಲ್ಲಿ ಒಂದು ಆಕ್ಷೇಪ ಏಳುವುದು ಸಹಜ. ಹಿಟ್ಲರನ ನಾಜಿ ರಾಜ್ಯವನ್ನು ಸೋಲಿಸುವುದು ಮನುಕುಲದ ಅಗತ್ಯವಾಗಿತ್ತು. ಆ ಮಹಾಯುದ್ಧದಲ್ಲಿ ಒಟ್ಟು ನಾಲ್ಕು ಲಕ್ಷಕ್ಕೂ ಹೆಚ್ಚು ಅಮೆರಿಕನ್ ಸೈನಿಕರು ಪ್ರಾಣ ತೆತ್ತರು. ಅಂಥ ಮಹತ್ಕಾರ್ಯದ ಮುಂದೆ ಈ ಲೋಪಗಳನ್ನು ಎತ್ತಿ ತೋರಿಸುವುದು ಅಳತೆಗೆಟ್ಟ ವಿಮರ್ಶೆಯಲ್ಲವೇ? ಆಕ್ಷೇಪದ ಮೊದಲೆರಡು ಮಾತುಗಳು ನಿರ್ವಿವಾದ. ಮೂರನೆಯದು ಮಾತ್ರ ಅವುಗಳಿಂದ ಹುಟ್ಟುವುದಿಲ್ಲ. ಟೀಕೆಯ ಅಳತೆಗೋಲನ್ನು ಹೊರಗಿನವರು ತಂದದ್ದಲ್ಲ, ಆ ದೇಶವೇ ಒದಗಿಸಿತ್ತು. 1941ರ ಜನವರಿಯಲ್ಲಿ ನಾಲ್ಕು ಸ್ವಾತಂತ್ರ್ಯಗಳನ್ನು ಸಾರಿದ ಅಧ್ಯಕ್ಷನೇ ಮರುವರ್ಷ 9066ನೆಯ ಆದೇಶಕ್ಕೆ ಸಹಿ ಹಾಕಿದನು. 1942ರಲ್ಲಿ ‘ಪಿಟ್ಸ್‌ಬರ್ಗ್ ಕೊರಿಯರ್’ ಪತ್ರಿಕೆ ಆರಂಭಿಸಿದ ‘ಇಮ್ಮಡಿ ವಿಜಯ’ದ ಚಳವಳಿ ಹೊರಗಿನ ಶತ್ರುವಿನ ಮೇಲೂ ಒಳಗಿನ ವರ್ಣಭೇದದ ಮೇಲೂ ಒಟ್ಟಿಗೆ ಗೆಲುವನ್ನು ಬಯಸಿತು. ಆ ಚಳವಳಿಗಾರರು ಯುದ್ಧದ ವಿರೋಧಿಗಳಾಗಿರಲಿಲ್ಲ. ಯುದ್ಧದ ಉದ್ದೇಶವನ್ನು ಸರ್ಕಾರಕ್ಕಿಂತ ಗಂಭೀರವಾಗಿ ನಂಬಿದವರಾಗಿದ್ದರು. ಸ್ಟಡ್ಸ್ ಟರ್ಕೆಲ್ 1984ರಲ್ಲಿ ಆ ಕಾಲದವರ ಮೌಖಿಕ ನೆನಪುಗಳನ್ನು ಸಂಕಲಿಸಿ ‘ದ ಗುಡ್ ವಾರ್’ ಎಂದು ಹೆಸರಿಟ್ಟಾಗ, ಆ ಎರಡು ಪದಗಳನ್ನು ಉದ್ಧರಣ ಚಿಹ್ನೆಗಳೊಳಗೆ ಇರಿಸಿದ್ದನು. ಆ ಯುದ್ಧ ಅಗತ್ಯವಾಗಿತ್ತೆಂದು ಒಪ್ಪುತ್ತಲೇ ಅದನ್ನು ಒಳ್ಳೆಯದೆಂದು ಕರೆಯಲು ಹಿಂಜರಿಯುವ ವಿವೇಕ ಆ ಚಿಹ್ನೆಗಳಲ್ಲಿದೆ.

ಆದುದರಿಂದ ಸಾಹಿತ್ಯ ಸಂಶೋಧಕರ ಕೆಲಸ ಯುದ್ಧಕಾದಂಬರಿಗಳ ವಸ್ತು ಮತ್ತು ಪಾತ್ರಗಳ ವಿಂಗಡಣೆಗೆ ಮುಗಿಯಬಾರದು. ರೇಷನ್ ಪುಸ್ತಕ, ಭಿತ್ತಿಪತ್ರ, ಸರ್ಕಾರಿ ನೋಟೀಸು, ನಿಷ್ಠೆಯನ್ನು ಪರೀಕ್ಷಿಸುವ ಪ್ರಶ್ನಾವಳಿ ಇವೆಲ್ಲವೂ ಪಠ್ಯಗಳೇ. ಕಾವ್ಯದಲ್ಲಿ ಒಂದು ಪ್ರತ್ಯಯದ ಔಚಿತ್ಯವನ್ನು ಚರ್ಚಿಸಬಲ್ಲ ಕಣ್ಣು ‘ವಿದೇಶೀಯರಲ್ಲದವರು’ ಎಂಬಲ್ಲಿಯೂ ತಡೆದು ನಿಲ್ಲಬೇಕು. ಆಡಳಿತದ ಭಾಷೆ ನೇರವಾದ ಪದವನ್ನು ಬಿಟ್ಟು ಬಳಸುದಾರಿ ಹಿಡಿದ ಕಡೆಯಲ್ಲೆಲ್ಲ ಯಾರೋ ಒಬ್ಬರ ಹಕ್ಕು ಜಾರಿಹೋಗುತ್ತಿರುವ ಸಾಧ್ಯತೆಯುಂಟು.

ಹಾಗೆ ಓದುವವರಿಗೆ ಎರಡು ಕೃತಿಗಳು ದಾರಿದೀಪವಾಗಬಲ್ಲವು. ಶಿಬಿರದೊಳಗೆ ಬಂಧಿಗಳಿಗೆ ಕ್ಯಾಮೆರಾ ನಿಷಿದ್ಧವಾಗಿದ್ದುದರಿಂದ ಕಲಾವಿದೆ ಮಿನೆ ಒಕುಬೊ ತಾನು ಕಂಡದ್ದನ್ನು ರೇಖೆಗಳಲ್ಲಿ ದಾಖಲಿಸಿದಳು. 1946ರಲ್ಲಿ ಪ್ರಕಟವಾದ ಆ ಪುಸ್ತಕದ ಹೆಸರು ‘ಸಿಟಿಜನ್ 13660’. ಸರ್ಕಾರ ಅವಳ ಕುಟುಂಬಕ್ಕೆ ಕೊಟ್ಟಿದ್ದ ಸಂಖ್ಯೆಯ ಪಕ್ಕದಲ್ಲಿ, ಸರ್ಕಾರ ಉಚ್ಚರಿಸಲು ಒಲ್ಲದಿದ್ದ ಪದವನ್ನು ಅವಳು ಬರೆದಿಟ್ಟಳು. ಜಾನ್ ಒಕಾಡಾ 1957ರಲ್ಲಿ ಪ್ರಕಟಿಸಿದ ‘ನೋ-ನೋ ಬಾಯ್’ ಕಾದಂಬರಿಯ ನಾಯಕ ಸೇನಾಸೇವೆಗೆ ‘ಇಲ್ಲ’ವೆಂದು ಉತ್ತರಿಸಿ ಜೈಲು ಕಂಡು ಮರಳಿದವನು. ಯುದ್ಧವನ್ನು ಮರೆಯಬಯಸಿದ್ದ ಕಾಲ ಆ ಕೃತಿಯನ್ನು ಕಣ್ಣೆತ್ತಿ ನೋಡಲಿಲ್ಲ. 1988ರಲ್ಲಿ ಅಮೆರಿಕದ ಸರ್ಕಾರ ಕಾಯ್ದೆಯ ಮೂಲಕ ಕ್ಷಮೆ ಕೋರಿ, ಬದುಕುಳಿದ ಪ್ರತಿಯೊಬ್ಬ ಬಂಧಿಗೂ 20,000 ಡಾಲರ್ ಪರಿಹಾರ ಘೋಷಿಸಿತು. ಒಕಾಡಾ ಅಷ್ಟು ಹೊತ್ತಿಗೆ ತೀರಿಕೊಂಡು ಹದಿನೇಳು ವರ್ಷಗಳಾಗಿದ್ದವು. 1971ರಲ್ಲಿ ಅವನು ಕಣ್ಮುಚ್ಚಿದಾಗ ಕಾದಂಬರಿಯ ಮೊದಲ ಮುದ್ರಣದ ಪ್ರತಿಗಳು ಇನ್ನೂ ಮಾರಾಟವಾಗದೆ ಉಳಿದಿದ್ದವು.